ಅಪ್ಪನ ಹೆಸರು ಹುಡುಕಿ ನಾಲ್ಕು ತಾಲೂಕು

ನಾನು ಶಾಲೆ ಬಿಟ್ಟದ್ದು 1949ರಲ್ಲಿ, ನಾಲ್ಕನೆಯ ತರಗತಿ ಮುಗಿಯುವ ಮೊದಲೇ. ನಿಜಾಮನ ಕಾಲದಲ್ಲಿ ಮೂರು ವರ್ಷ ಉರ್ದು ಅಕ್ಷರ ತಿದ್ದಿದ್ದೆ. ಆ ರಾಜ್ಯ ಹೋಗಿ ಕನ್ನಡ ಪುಸ್ತಕ ಕೈಗೆ ಬರುವ ಹೊತ್ತಿಗೆ, ಮನೆಯಲ್ಲಿ ದುಡಿಯುವ ಗಂಡಸರಿಲ್ಲವೆಂದು ಅಜ್ಜ ನನ್ನನ್ನು ಎತ್ತಿನ ಹಿಂದೆ ನಿಲ್ಲಿಸಿದ. ಕನ್ನಡ ಓದಲು ಕಲಿತದ್ದು ಮುಂದೆ ಕೊಪ್ಪಳದಲ್ಲಿ ಹತ್ತಿಯ ಬೀಜ ತೆಗೆಯುವ ಜಿನ್ನಿನಲ್ಲಿ ಕೂಲಿ ಮಾಡುವಾಗ, ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಬರೆದ ಹೆಸರುಗಳನ್ನು ಓದಿ ಓದಿ. ಅಲ್ಲಿಯೇ ಎಂಜಿನ್ ಕೆಲಸ ಕಲಿತು, ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿದೆ. ಯಾರ ಮುಂದೆಯೂ ಕೈ ಚಾಚದೆ ಹಾಕಿದ್ದು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ನಮ್ಮೂರು ಯಲಬುರ್ಗಾದಿಂದ ನಾಲ್ಕು ಮೈಲು. 1981ರ ಮಾಘದಲ್ಲಿ ಹಿರಿಯ ಮಗಳ ಮದುವೆ ಗೊತ್ತಾಗಿ, ಕಾರ್ಡು ಮಾಡಿಸಲು ಯಲಬುರ್ಗಾದ ಛಾಪಖಾನೆಗೆ ಹೋದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ನನ್ನ ಚೀಟಿ ಓದಿ ತಲೆ ಎತ್ತಿದ.

"ಯಮನೂರಪ್ಪಾರ, ನಿಮ್ಮ ತಂದಿಯವರ ಹೆಸರಿನ ಮುಂದ ಶ್ರೀ ಹಾಕ್ಲೇನ್ರಿ, ದಿವಂಗತ ಹಾಕ್ಲೇನ್ರಿ?"

ಎಂಟು ದಿನ ತಡೆ ಎಂದು ಹೇಳಿ ಎದ್ದುಬಂದೆ.

ನನ್ನ ಅಪ್ಪನನ್ನು ಊರೆಲ್ಲ ಅಜ್ಜಪ್ಪ ಎನ್ನುತ್ತಿತ್ತು. ನಾನು ನಾಲ್ಕು ವರ್ಷದವನಿದ್ದಾಗ ಗದಗಿಗೆ ಹೋಗಿ, ದೊಡ್ಡ ಯುದ್ಧದ ದಂಡಿಗೆ ಸೇರಿದನೆಂದು ಸುದ್ದಿ. ಆಮೇಲೆ ಕಾಗದ ಬರಲಿಲ್ಲ, ಮನುಷ್ಯ ಬರಲಿಲ್ಲ. ಸತ್ತನೆಂದು ಕೆಲವರು, ದಂಡಿನಿಂದ ಓಡಿಹೋಗಿ ಸೊಲ್ಲಾಪುರದ ಕಡೆ ಬೇರೆ ಮನೆ ಮಾಡಿದ್ದಾನೆಂದು ಕೆಲವರು. ಅವ್ವ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಹಿರಿಯರ ಅಮವಾಸ್ಯೆಗೆ ಸತ್ತವರಿಗೆಲ್ಲ ಎಡೆ ಇಡುತ್ತೇವೆ, ಅಪ್ಪನಿಗೆ ಇಡುತ್ತಿರಲಿಲ್ಲ. ಗಿರಣಿಯ ಸರದಿಯ ಜಗಳದಲ್ಲಿ 'ಓಡಿಹೋದ ಸಿಪಾಯಿ ಮಗ' ಎಂಬ ಮಾತು ಎರಡು ಸಲ ನನ್ನ ಕಿವಿಗೇ ಬಿದ್ದಿದೆ. ಬೆಂಗಳೂರಿನ ದಂಡಿನ ದಾಖಲೆ ಕಚೇರಿಗೆ ಎರಡು ಸಲ ಅರ್ಜಿ ಬರೆಸಿ ಹಾಕಿದ್ದೆ. ಎರಡು ಸಲವೂ ಬಂದದ್ದು ಒಂದೇ ಉತ್ತರ: ಈ ಊರಿನ, ಈ ಹೆಸರಿನ ಮನುಷ್ಯ ನಮ್ಮ ಪುಸ್ತಕದಲ್ಲಿಲ್ಲ.

ಗಿರಣಿಯನ್ನು ಹೆಂಡತಿಗೆ ಒಪ್ಪಿಸಿ, ಮದುವೆಯ ಬಟ್ಟೆ ನೋಡಿ ಬರುತ್ತೇನೆಂದು ಅವ್ವನಿಗೆ ಸುಳ್ಳು ಹೇಳಿ, ಆ ಎರಡು ಉತ್ತರಗಳನ್ನು ಕಿಸೆಯಲ್ಲಿಟ್ಟುಕೊಂಡು ಸೋಮವಾರ ಬೆಳಿಗ್ಗೆ ಹೊರಟೆ.

ಯಲಬುರ್ಗಾದಿಂದ ಕೊಪ್ಪಳಕ್ಕೆ ಸುಮಾರು ನಲವತ್ತು ಕಿಲೋಮೀಟರು, ಬಸ್ಸಿಗೆ ನಾಲ್ಕು ರೂಪಾಯಿಯ ಒಳಗೆ. ಕುಕನೂರು ದಾಟಿದ ಮೇಲೆ ಎರೆಹೊಲಗಳಲ್ಲಿ ಬಿಳಿಜೋಳ ಕಟಾವಿಗೆ ನಿಂತಿತ್ತು. ಬೆಳಗಿನ ಚಳಿ ಹತ್ತು ಗಂಟೆಗೆಲ್ಲ ಹರಿದು ಬಿಸಿಲು ಚುರುಗುಟ್ಟುತ್ತಿತ್ತು. ಆಗ ನಮ್ಮ ಜಿಲ್ಲೆ ರಾಯಚೂರು. ಮಾಜಿ ಸೈನಿಕರ ಕೆಲಸ ನೋಡುವ ಗುಮಾಸ್ತರೊಬ್ಬರು ಅಲ್ಲಿಂದ ತಿಂಗಳಿಗೊಮ್ಮೆ ಕೊಪ್ಪಳಕ್ಕೆ ಬಂದು ಕೂಡುತ್ತಿದ್ದರು. ಆ ದಿನ ಯಾವುದೆಂದು ಕೇಳಿಕೊಂಡೇ ಹೊರಟಿದ್ದೆ. ಕಚೇರಿಯ ಕಟ್ಟೆಯ ಮೇಲೆ ಏಳೆಂಟು ಮುದುಕರು ಕಾಗದ ಹಿಡಿದು ಕೂತಿದ್ದರು. ಎಲ್ಲರಿಗೂ ತಮ್ಮ ದಂಡಿನ ನಂಬರು ಬಾಯಿಪಾಠ. ನನಗೆ ಅಪ್ಪನ ಮುಖವೂ ನೆನಪಿಲ್ಲ.

ಗುಮಾಸ್ತರು ಎರಡೂ ಉತ್ತರಗಳನ್ನು ನಿಧಾನವಾಗಿ ಓದಿದರು. "ಹೆಸರಿಲ್ಲ ಅಂದ್ರ ಮನಶಾನ ಇದ್ದಿಲ್ಲ ಅಂತಲ್ರಿ," ಎಂದರು. "ಅವರು ಬರೆಸಿದ ಹೆಸರು ಬ್ಯಾರೆ ಇದ್ದೀತು. ನಂಬರ ತರ್ರಿ. ದಂಡಿನ್ಯಾಗ ಮನಶಾ ಅಂದ್ರ ನಂಬರ."

ನನ್ನ ಅಪ್ಪನ ಹೆಸರು ನನಗೆ ಗೊತ್ತಿಲ್ಲವೇ ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಗಂಗಾವತಿಯಲ್ಲಿ ಹುಸೇನಸಾಬ ಎಂಬ ಹಳೆಯ ಹವಾಲ್ದಾರ ಇದ್ದಾನೆ, ಅದೇ ವರ್ಷಗಳಲ್ಲಿ ಗದಗಿನಿಂದಲೇ ಹೋದವನು, ಅವನನ್ನು ಕೇಳಿ ಎಂದು ಓಣಿಯ ಗುರುತು ಬರೆದುಕೊಟ್ಟರು.

ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು ಗಂಗಾವತಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕಿನ್ನಾಳದ ಚಿತ್ರಗಾರನೊಬ್ಬ ಕಟ್ಟಿಗೆಯ ದೇವಿಯನ್ನು ಹಳೆ ಧೋತರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಬಣ್ಣ ಇನ್ನೂ ಪೂರಾ ಒಣಗಿರಲಿಲ್ಲ, ಎಲ್ಲರೂ ದೂರ ಸರಿದು ನಿಂತಿದ್ದರು. ಕಂಡಕ್ಟರು ಬಂದು, "ದೇವರಿಗೆ ಟಿಕೀಟ ಇಲ್ಲ. ಆದ್ರ ಲಗೇಜ ಐತಿ," ಎಂದ. ಚಿತ್ರಗಾರ, "ಇನ್ನೂ ಕಣ್ಣು ತೆಗದಿಲ್ಲರಿ, ಸದ್ಯಕ್ಕ ಕಟ್ಟಿಗಿ," ಎಂದು ವಾದ ಮಾಡಿದ. ಕಟ್ಟಿಗೆಯಾದರೂ ಲಗೇಜೇ ಎಂದು ಕಂಡಕ್ಟರು ಚೀಟಿ ಹರಿದೇಬಿಟ್ಟ.

ಗಂಗಾವತಿ ಹತ್ತಿರ ಬಂದಂತೆ ನೆಲದ ಬಣ್ಣವೇ ಬೇರೆ. ಕಾಲುವೆ, ನೆಟ್ಟ ಭತ್ತ, ಅಕ್ಕಿ ಗಿರಣಿಗಳ ಉದ್ದನೆಯ ಹೊಗೆಕೊಳವೆ. ಬಸ್‌ಸ್ಟ್ಯಾಂಡಿನಲ್ಲಿ ಕನ್ನಡದಷ್ಟೇ ತೆಲುಗು. ಅಲ್ಲಿನ ಒಂದು ಗಿರಣಿಯ ಮುಂದೆ ನಿಂತು ಎಂಜಿನ್ನಿನ ಸದ್ದು ಕೇಳಿದೆ. ನನ್ನದರ ಹತ್ತು ಪಟ್ಟು ಇದ್ದೀತು, ಆದರೆ ಒಂದು ಚಕ್ರದ ಪಟ್ಟಾ ಸಡಿಲಾಗಿತ್ತು. ಹೇಳಬೇಕೆನಿಸಿತು, ಮುಂದೆ ನಡೆದೆ.

ಹುಸೇನಸಾಬನ ಮನೆ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಅರವತ್ತು ದಾಟಿದ ಮನುಷ್ಯ, ಬೆನ್ನು ನೆಟ್ಟಗೆ. ಚಹಾ ಕೊಟ್ಟು ನನ್ನ ಕತೆಯೆಲ್ಲ ಕೇಳಿದ.

"ಅಜ್ಜಪ್ಪ ಅಂತ ನಮ್ಮ ಕಂಪನ್ಯಾಗ ಯಾರೂ ಇದ್ದಿಲ್ಲ, ಬೇಟಾ. ಯಲಬುರ್ಗಾದ ಕಡಿ ಮಾತಾಡಾವ ಒಬ್ಬ ಇದ್ದ, ಹನುಮಂತಪ್ಪ ಅಂತ. ಊರು ಮಾತ್ರ ಕುಷ್ಟಗಿ ತಾಲೂಕಂತ ಬರೆಸಿದ್ದ. ಎಡಗೈ ಕಿರಿಬೆರಳು ಅರ್ಧ ಇದ್ದಿಲ್ಲ."

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಅಪ್ಪ ಹುಡುಗನಿದ್ದಾಗ ಕಬ್ಬಿನ ಗಾಣದಲ್ಲಿ ಆ ಬೆರಳು ಸಿಕ್ಕಿದ್ದನ್ನು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಳು.

ದಂಡೆಂದರೆ ಬಂದೂಕೆಂದು ನಾನು ತಿಳಿದಿದ್ದೆ. ಅವನು ನಕ್ಕ. ಅವರು ಆಸಾಮದ ಆಚೆ ಗುಡ್ಡಗಳಲ್ಲಿ ಕಲ್ಲು ಒಡೆದು ರಸ್ತೆ ಮಾಡಿದವರಂತೆ, ಮಳೆಯಲ್ಲಿ ಕೊಚ್ಚಿ ಹೋದದ್ದನ್ನೇ ಮತ್ತೆ ಮತ್ತೆ ಮಾಡಿದವರಂತೆ. ಅಪ್ಪ ಹೇಗಿದ್ದ ಎಂದೆ. ಮಾತು ಕಡಿಮೆ, ಕೆಲಸದಲ್ಲಿ ಎತ್ತು, ಯಾರಾದರೂ ಜೋರು ಮಾಡಿದರೆ ಎರಡು ದಿನ ಮುಖ ಗಂಟಿಕ್ಕುತ್ತಿದ್ದ ಎಂದ. ಕೊನೆಗೆ, ಕೇಳಬೇಕಾದದ್ದನ್ನು ಕೇಳಿದೆ. ಓಡಿಹೋದನೇ?

ಹುಸೇನಸಾಬ ಹೇಳಿದ. "ನನಗ ಕಾಮಣಿ ಆಗಿ ಕಣ್ಣು ಹಳದಿ ತಿರುಗಿ ಮೊದಲಾ ಹಿಂದಕ ಕಳಿಸಿದ್ರು. ನಮ್ಮ ಕಡಿಯವ್ರು ಇಬ್ರು ಓಡಿ ಹೋದ್ರಂತ ಆಮ್ಯಾಲೆ ಕೇಳೀನಿ. ಯಾರ‍್ಯಾರು ಅಂತ ಖರೇನ ಗೊತ್ತಿಲ್ಲ. ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡೂದಿಲ್ಲಪಾ."

ಆ ರಾತ್ರಿ ಅಲ್ಲಿಯೇ ಉಳಿಸಿಕೊಂಡರು. ಅವನ ಮನೆಯವರು ಅನ್ನ, ಬದನೆಕಾಯಿ ಬಡಿಸಿದರು. ಅನ್ನವನ್ನೇ ಹೊಟ್ಟೆ ತುಂಬ ಉಣ್ಣುವುದು ನಮಗೆ ರೂಢಿಯಿಲ್ಲ, ಆದರೂ ಉಂಡೆ.

ಮರುದಿನ ಬೆಳಿಗ್ಗೆ ಕನಕಗಿರಿ, ತಾವರಗೇರಾ ಮೇಲೆ ಹೋಗುವ ಕುಷ್ಟಗಿ ಬಸ್ಸು ಹಿಡಿದೆ. ಕಾಲುವೆಯ ನೀರು ಮುಗಿದಲ್ಲಿ ಹಸಿರು ಗೆರೆ ಎಳೆದಂತೆ ಮುಗಿಯುತ್ತದೆ. ಆಮೇಲೆ ಕೆಂಪು ಮಸಾರಿ ನೆಲ, ಕಲ್ಲು, ಜಾಲಿ. ಕನಕಗಿರಿಯಲ್ಲಿ ಸಂತೆ. ಒಣಮೆಣಸಿನಕಾಯಿ ಬುಟ್ಟಿಗಳು ಒಳಗೆ ಬಂದು ಬಸ್ಸಿನ ತುಂಬ ಸೀನು. ನಾನು ಕಣ್ಣು ಒರೆಸಿಕೊಳ್ಳುತ್ತ ಕುಷ್ಟಗಿ ತಾಲೂಕಿನಲ್ಲಿ ಅಪ್ಪನಿಗೆ ಯಾರಿದ್ದರೆಂದು ಲೆಕ್ಕ ಹಾಕಿದೆ. ಒಬ್ಬಳೇ: ಅವನ ಅಕ್ಕ ಹುಲಿಗೆವ್ವ, ನನ್ನ ಸೋದರತ್ತೆ. ವರ್ಷಕ್ಕೊಮ್ಮೆ ನಮ್ಮೂರಿಗೆ ಬರುವಳು. ಬಂದಾಗ ಎಲ್ಲರ ಸುದ್ದಿ ಕೇಳುವಳು, ತಮ್ಮನ ಸುದ್ದಿ ಒಮ್ಮೆಯೂ ಕೇಳಿದವಳಲ್ಲ. ಅದು ನನಗೆ ಹೊಳೆದದ್ದು ಆ ಬಸ್ಸಿನಲ್ಲಿ.

ಕುಷ್ಟಗಿಯಲ್ಲಿ ಇಳಿದು ಅತ್ತೆಯ ಊರಿಗೆ ಎರಡು ಮೈಲು ನಡೆದೆ. ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಮದುವೆಯ ಮಾತಾಡಿದಳು. ನಾನು ತಡೆಯಲಾರದೆ ಕೇಳಿದೆ.

"ಅತ್ತೀ, ಹನುಮಂತಪ್ಪ ಅಂದ್ರ ಯಾರು?"

ಮೊರ ಕೆಳಗಿಳಿಯಿತು. "ತೊಟ್ಟಿಲದಾಗ ಇಟ್ಟ ಹೆಸರು ಅದಾ. ನಮ್ಮ ಅಜ್ಜನ ಹೆಸರು. ನಮ್ಮವ್ವ ಮಾವನ ಹೆಸರು ಹಿಡದು ಮಗನ್ನ ಹ್ಯಾಂಗ ಕರೀತಾಳಪಾ? ಅಜ್ಜಪ್ಪ ಅಂದ್ಲು. ಊರೂ ಹಂಗ ಅಂತು."

ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ನಮ್ಮ ಅಜ್ಜಿ ಹನುಮಪ್ಪನ ಗುಡಿಯನ್ನೂ 'ಊರ ಮುಂದಿನ ದೇವರು' ಎನ್ನುತ್ತಿದ್ದದ್ದು ನನಗೇ ನೆನಪಿದೆ. ಅಷ್ಟಾದರೂ ಶಾಲೆಯಲ್ಲಿ, ಹೊಲದ ಕಾಗದದಲ್ಲಿ, ಎರಡು ಅರ್ಜಿಗಳಲ್ಲಿ ನಾನು ಬರೆಸಿದ್ದು ಅಜ್ಜಪ್ಪ. ದಂಡಿನವರ ಮುಂದೆ ಅಪ್ಪ ಒಬ್ಬನೇ ಖರೆ ಹೆಸರು ಹೇಳಿದ್ದ.

ಉಳಿದದ್ದನ್ನು ಅತ್ತೆ ತಾನಾಗಿಯೇ ಹೇಳಿದಳು. ಅಜ್ಜ ಒಂದು ಎತ್ತು ಮಾರಿದ್ದಕ್ಕೆ ಜಗಳವಾಗಿ ಅಪ್ಪ ಅವಳ ಮನೆಗೆ ಬಂದು ಹತ್ತು ದಿನ ಇದ್ದ. ಅಲ್ಲಿಂದಲೇ ಗದಗಿಗೆ ಹೋದ. ಅಜ್ಜ ಪತ್ತೆ ಹಚ್ಚಿ ಎಳೆದು ತರಬಾರದೆಂದು ಅಕ್ಕನ ಊರು ಬರೆಸಿದ. ಎರಡು ವರ್ಷಕ್ಕೆ ಕಾಗದ ಬಂದದ್ದೂ ಅಕ್ಕನ ಮನೆಗೇ. ಇಷ್ಟು ಹೇಳಿ ಒಳಗೆ ಹೋಗಿ ತಗಡಿನ ಡಬ್ಬಿ ತಂದಳು. ಗೆದ್ದಲು ಒಂದು ಮಗ್ಗುಲು ತಿಂದ ಇಂಗ್ಲಿಷ್ ಕಾಗದ.

"ನಿಮ್ಮ ಮಾವ ಕುಷ್ಟಗಿ ಮಾಸ್ತರ ಕಡೆ ಓದಿಸ್ಕೊಂಡು ಬಂದ. ನಾನಾ ಹೇಳ್ತೀನಿ ಅಂತ ನಿಮ್ಮೂರಿಗೆ ಬಂದೆ. ನಿಮ್ಮವ್ವ ಬಳಗಾರನ ಮುಂದ ಕೈ ಕೊಟ್ಟು ಕುಂತಿದ್ಲು. ಹಸರು ಬಳಿ. 'ಬಾರಕ್ಕ, ನೀನೂ ಇಡಿಸ್ಕೊ' ಅಂದ್ಲು. ನಾನೂ ಇಡಿಸ್ಕೊಂಡು ಬಂದೆ. ಮುಂದಿನ ವರ್ಷ ಹೇಳಿದ್ರಾತು ಅಂದೆ. ಆಮ್ಯಾಲೆ, ಇಷ್ಟು ದಿನ ಯಾಕ ಮುಚ್ಚಿಟ್ಟಿ ಅಂತಾರಂತ ಅಂಜಿಕಿ."

ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಮೂವತ್ತೇಳು ವರ್ಷ ಓಡಿಹೋದವನ ಮಗ ಅನಿಸಿಕೊಂಡೆ ಎಂದೆ.

"ನೀ ಗಂಡಸು," ಎಂದಳು ಅತ್ತೆ. "ಅನ್ನಿಸ್ಕೊಂಡೂ ಗಿರಣಿ ಹಾಕಿದಿ. ಆಕಿ ಇಪ್ಪತ್ತೆರಡರಾಕಿ, ಯಮನೂರಾ. ಆಕೀನ್ನ ಮೂಲ್ಯಾಗ ಕುಂದ್ರಸಾಕ ನನ್ನ ಕೈಲೆ ಆಗಲಿಲ್ಲ."

ರಾತ್ರಿ ರೊಟ್ಟಿ ಬಡಿಸಿದಳು, ಉಂಡೆ. ಬೆಳಿಗ್ಗೆ ಹೊರಡುವಾಗ ಕಾಗದವನ್ನು ಅವಳೇ ಮಡಚಿ ನನ್ನ ಕಿಸೆಗೆ ಹಾಕಿದಳು.

ಕುಷ್ಟಗಿಯ ತಹಶೀಲ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಟೈಪು ಮಾಡುವವನೊಬ್ಬ ಕೂತಿದ್ದ. ಕಾಗದ ಕೊಟ್ಟೆ. ಬೆಳಕಿಗೆ ಹಿಡಿದು ಓದಿ, ಮತ್ತೆ ಕೀಲಿಗಳ ಮೇಲೆ ಕೈಯಿಟ್ಟು ಹೇಳಿದ: ನಂಬರು ಪೂರಾ ಇದೆ. ಹೆಸರು ಹನುಮಂತಪ್ಪ. ದಂಡಿನ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತದ್ದು. ತಾರೀಖಿನ ಜಾಗದಲ್ಲಿ ತೂತು. ಅವನು ಟೈಪು ಮಾಡುತ್ತಲೇ ಹೇಳಿದ್ದರಿಂದ ನನಗೆ ಅಳು ಬರಲಿಲ್ಲ. ನಂಬರನ್ನು ಮೂರು ಸಲ ಓದಿಸಿಕೊಂಡೆ.

ಕುಷ್ಟಗಿಯಿಂದ ಯಲಬುರ್ಗಾಕ್ಕೆ ಮಧ್ಯಾಹ್ನದ ಬಸ್ಸು, ಕೂಡಲು ಜಾಗವಿಲ್ಲ. ಅಲ್ಲಿಂದ ಊರಿಗೆ ನಡೆದು ಮುಟ್ಟಿದಾಗ ಬಿಸಿಲು ಇಳಿದಿತ್ತು. ಅವ್ವ ಗಿರಣಿಯ ಕಟ್ಟೆಯ ಮೇಲೆ ಹಿಟ್ಟು ಸಾಣಿಸುತ್ತಿದ್ದಳು. ಬಟ್ಟೆ ಎಲ್ಲಿ ಎಂದಳು. ಅಪ್ಪ ಜ್ವರದಿಂದ ಸತ್ತ, ಓಡಿಹೋಗಿರಲಿಲ್ಲ ಎಂದಷ್ಟೇ ಹೇಳಿದೆ. ಅವಳು ಸಾಣಿಗೆ ಕೆಳಗಿಟ್ಟು, ಯಾವಾಗ ಎಂದಳು. ನನಗೆ ಆರು ವರ್ಷವಿದ್ದಾಗ ಎಂದೆ. ದಂಡಿನಲ್ಲಿ ಬೇರೆ ಹೆಸರಿತ್ತು, ಅದಕ್ಕೇ ಸಿಗಲಿಲ್ಲ ಎಂದು ಬಿಡಿಸಿ ಹೇಳಹೋದೆ.

"ಗೊತ್ತೈತಿ," ಎಂದಳು.

"ಗೊತ್ತಿದ್ದು ಅರ್ಜಿ ಬರೆಸೂಮುಂದ ಯಾಕ ಹೇಳಲಿಲ್ಲಬೇ?"

"ನೀ ಕೇಳಿದೇನು? ಕೇಳಿದ್ರೂ ಗಂಡನ ಹೆಸರು ನಾ ಹ್ಯಾಂಗ ಹೇಳಲಿ?"

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಖರೆ. ಎರಡೂ ಸಲ ಯಲಬುರ್ಗಾದಲ್ಲಿ ಬರೆಸಿ, ಮನೆಗೆ ತಂದು ಅವಳ ಹೆಬ್ಬೆಟ್ಟು ಮಾತ್ರ ಒತ್ತಿಸಿಕೊಂಡಿದ್ದೆ. ಎಲ್ಲ ನನಗೇ ಗೊತ್ತು ಎಂದು ನಡೆದವನಿಗೆ ಆದದ್ದು ಅದು.

ಅತ್ತೆ ಮುಚ್ಚಿಟ್ಟದ್ದನ್ನೂ ಹೇಳಿದೆ. ಅವ್ವ ಸಾಣಿಗೆ ಎತ್ತಿಕೊಂಡಳು. "ಹುಲಿಗೆವ್ವಕ್ಕಗ ಏನೂ ಅನಬ್ಯಾಡ. ಆಕಿ ನನಗ ಮೂವತ್ತೇಳು ವರ್ಷ ಬಳಿ ಇಡಿಸ್ಯಾಳ."

ಕಾರ್ಡಿನಲ್ಲಿ ದಿವಂಗತ ಹನುಮಂತಪ್ಪನವರು ಎಂದು ಹಾಕಿಸಿದೆ. ಯಾರಿವರು ಎಂದು ಅರ್ಧ ಊರು ಕೇಳಿತು, ಕೇಳಿದವರಿಗೆಲ್ಲ ಹೇಳಿದೆ. ಬಳೆಯ ಮಾತನ್ನು ಓಣಿಯ ಹಿರಿಯರು ಎತ್ತಿದಾಗ, ಬಳೆ ಒಡೆಯುವ ದಿನ ಎಂದೋ ಆಗಿಹೋಗಿದೆ ಎಂದು ಅವ್ವ ಬಾಯಿ ಮುಚ್ಚಿಸಿದಳು. ಮದುವೆಯಲ್ಲಿ ಅತ್ತೆಯೂ ಅವಳೂ ಒಂದೇ ಚಾಪೆಯ ಮೇಲೆ ಕೂತಿದ್ದರು. ಹಿರಿಯರ ಅಮವಾಸ್ಯೆಗೆ ಅಪ್ಪನ ಎಡೆಯನ್ನು ಅವ್ವನೇ ಇಟ್ಟಳು.

ಅದಕ್ಕೂ ಮೊದಲು, ಮದುವೆ ಮುಗಿದ ತಿಂಗಳಿಗೆ, ಹೊಸ ಅರ್ಜಿಗೆ ಹೆಂಡತಿಯ ಹೇಳಿಕೆ ಬೇಕೆಂದು ಅವ್ವನನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋಗಿದ್ದೆ. ಗುಮಾಸ್ತರು ಗಂಡನ ಹೆಸರು ಕೇಳಿದರು. ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, ಇವರೇ ಹೇಳಬೇಕು ಎಂದರು. ಅವ್ವ ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ನೋಡುತ್ತ ಹೇಳಿದಳು. ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲವೆಂದು ಅವರು ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದಳು. ನಾಲ್ಕು ತಿಂಗಳಿಗೆ ಬೆಂಗಳೂರಿನಿಂದ ಉತ್ತರ ಬಂತು. ನಂಬರು ಸರಿ, ಹೆಸರು ಸರಿ, ತಾರೀಖೂ ಇತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಗಿರಣಿ ಒಂದು, ಎಂಜಿನ್ ಎರಡು, ಹೊಲ ಆರು ಎಕರೆ, ಮಕ್ಕಳು ಮೂವರು, ಅಪ್ಪನ ಹೆಸರು ಎರಡು.