ಬಡತನ ನೋಡಲು ಬಂದವರು

ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದವಳು ನಾನು. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಮೂಡಬಿದಿರೆಯ ಬಸದಿಗಳಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿನ ಶಾಸನಗಳಲ್ಲಿ ಮುನಿಗಳ ಆಹಾರಕ್ಕೆ ಗದ್ದೆ ಬಿಟ್ಟವರು, ದೀಪಕ್ಕೆ ಎಣ್ಣೆ ಕೊಟ್ಟವರು ಎಲ್ಲರೂ ಇದ್ದಾರೆ. ಅನ್ನ, ಔಷಧ, ವಿದ್ಯೆ, ಅಭಯ ಎಂದು ಜೈನರ ನಾಲ್ಕು ದಾನಗಳನ್ನು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೆ. ಮುಸಲ್ಮಾನರ ಜಕಾತು, ಕ್ರೈಸ್ತರ ಸೇವೆ, ನಮ್ಮ ದೇವಸ್ಥಾನಗಳ ಅನ್ನದಾನ, ಒಂದನ್ನೂ ಬಿಡುತ್ತಿರಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆ, ಬರೆಸಲೇಬೇಕು. ಆದರೆ ಬರೆಸುವಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕೊಟ್ಟವರ ಹೆಸರು, ಅವರ ಅಪ್ಪನ ಹೆಸರು, ಅವರಿಗೆ ದೊರೆತ ಪುಣ್ಯ ಎಲ್ಲವೂ ಕಲ್ಲಿನಲ್ಲಿದೆ. ಉಂಡವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ನಾನು ಉಂಡವರ ಪೈಕಿ.

ನಮ್ಮ ಮನೆ ಇದ್ದದ್ದು ಬಂಟ್ವಾಳದಲ್ಲಿ, ಹೊಳೆಯ ದಂಡೆಯಿಂದ ತುಸು ಮೇಲೆ. ಅಪ್ಪ ಓಡದಲ್ಲಿ ಸರಕು ಸಾಗಿಸುತ್ತಿದ್ದ. ನನಗೆ ಎಂಟು ವರ್ಷವಾಗಿದ್ದಾಗ ಜ್ವರ ಬಂದು ತೀರಿಕೊಂಡ. ಅಮ್ಮ ಬೀಡಿ ಕಟ್ಟಿ ನನ್ನನ್ನು ಸಾಕಿದಳು. ಐವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನೆರೆ ಬಂದು ಹಿಂದಿನ ಮಣ್ಣಿನ ಗೋಡೆ ಕುಸಿಯಿತು. ಆ ವರ್ಷ ನಾವು ಎಲ್ಲ ಧರ್ಮದವರ ಕೈಯಿಂದಲೂ ತಿಂದೆವು. ಚರ್ಚಿನಲ್ಲಿ ಪರದೇಶದ ಹಾಲಿನ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಕೊಡುತ್ತಿದ್ದರು. ಅದನ್ನು ಅಲ್ಲೇ ಕುಡಿದು ಲೋಟ ಕವುಚಿ ತೋರಿಸಬೇಕು, ಮನೆಗೆ ಒಯ್ದು ಮಾರುತ್ತೇವೆಂಬ ಗುಮಾನಿ ಅವರಿಗೆ. ರಮ್ಜಾನಿನಲ್ಲಿ ಪೇಟೆಯ ಸಾಹುಕಾರರೊಬ್ಬರು ಜಾತಿ ನೋಡದೆ ವಿಧವೆಯರಿಗೆ ಸೀರೆ ಕೊಡುತ್ತಿದ್ದರು, ಆದರೆ ನಡುಪೇಟೆಯಲ್ಲಿ, ಹೋಗಿಬರುವವರೆಲ್ಲ ನಿಂತು ನೋಡುವಂತೆ. ದೇವಸ್ಥಾನದ ಊಟಕ್ಕೆ ಹೋದರೆ ನಮ್ಮ ಎಲೆ ಹೊರಗಿನ ಅಂಗಳದಲ್ಲಿ, ಒಳಗಿನವರು ಉಂಡು ಎದ್ದ ಮೇಲೆ. ಹಸಿದವರಿಗೆ ಇದೆಲ್ಲ ತಿಳಿಯುವುದಿಲ್ಲವೆಂದು ಕೊಡುವವರು ತಿಳಿದುಕೊಂಡಿದ್ದರು. ನಮಗೆ ಎಲ್ಲವೂ ತಿಳಿಯುತ್ತಿತ್ತು.

ನಮ್ಮ ಮುಖ ನೋಡದೆ ಕೊಟ್ಟವರು ಒಬ್ಬರೇ, ನೆರೆಮನೆಯ ಬ್ಯಾರಿ ಮುಸಲ್ಮಾನ ಹೆಂಗಸು. ಅವರ ಮಕ್ಕಳು ಕರೆಯುವಂತೆ ನಾನೂ ಅವರನ್ನು ಉಮ್ಮ ಎನ್ನುತ್ತಿದ್ದೆ. ಕತ್ತಿ ಬೇಕಿತ್ತು, ಬೆಂಕಿ ಬೇಕಿತ್ತು ಎಂದು ಏನಾದರೂ ನೆವ ಹೇಳಿಕೊಂಡು ಒಳಗೆ ಬಂದು, ಬಟ್ಟೆಯ ಮರೆಯಲ್ಲಿ ತಂದ ಅಕ್ಕಿಯನ್ನು ಒಲೆಯ ಪಕ್ಕ ಇಟ್ಟು ಹೋಗುತ್ತಿದ್ದರು. ಅಮ್ಮನೂ ಕಾಣದವಳ ಹಾಗೆ ಬೀಡಿ ಎಲೆ ಕತ್ತರಿಸುತ್ತಾ ಕೂರುತ್ತಿದ್ದಳು.

ಮರುವರ್ಷ ನಾನು ಹೈಸ್ಕೂಲಿಗೆ ಹೋಗಬೇಕಾಯಿತು. ಪುಸ್ತಕ, ಬಟ್ಟೆ, ನಾಲ್ಕು ವರ್ಷದ ಅನ್ನ, ಯಾವುದೂ ನಮ್ಮಿಂದ ಆಗುವ ಮಾತಲ್ಲ. ಬೆಳ್ತಂಗಡಿ ಕಡೆಯ ಜೈನ ಮನೆತನವೊಂದು ಮೂಡಬಿದಿರೆಯಲ್ಲಿ ಬಡ ಹೆಣ್ಣುಮಕ್ಕಳನ್ನು ಊಟ ವಸತಿ ಕೊಟ್ಟು ಓದಿಸುತ್ತಿತ್ತು. ಜಾತಿ ಯಾವುದಾದರೂ ಆದೀತು, ಬಡತನ ಮಾತ್ರ ನಿಜವಾಗಿರಬೇಕು. ಅಲ್ಲಿ ಜಾಗ ಸಿಗದಿದ್ದರೆ ನನ್ನ ಓದು ಅಲ್ಲಿಗೇ ಮುಗಿದು ಅಮ್ಮನ ಪಕ್ಕದಲ್ಲಿ ಬೀಡಿಯ ಮೊರ ಹಿಡಿದು ಕೂರಬೇಕಿತ್ತು. ನಮ್ಮ ಹೆಡ್ಮಾಸ್ತರರು ಅರ್ಜಿ ಬರೆದು ಕಳುಹಿಸಿದರು. ಮನೆಯ ಸ್ಥಿತಿ ನೋಡಿ ಹೋಗಲು ಆ ಮನೆತನದ ಹಿರಿಯರೇ ಬರುತ್ತಾರೆ ಎಂದು ಅಮ್ಮನಿಗೆ ಹೇಳಿಕಳಿಸಿದರು.

ಅಮ್ಮನ ಕಿವಿಗೆ ಬಿದ್ದದ್ದು ಹಿರಿಯರು ಮನೆಗೆ ಬರುತ್ತಾರೆ ಎಂಬುದು ಮಾತ್ರ. ಎರಡು ದಿನ ಅವಳಿಗೆ ಬೇರೆ ಧ್ಯಾನವೇ ಇರಲಿಲ್ಲ. ಅಂಗಳಕ್ಕೆ ಸೆಗಣಿ ಸಾರಿಸಿದಳು. ಕುಸಿದ ಗೋಡೆ ಕಾಣದಂತೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟಿದಳು. ಉಮ್ಮನ ಮನೆಯಿಂದ ಬೆಂಚು ಹೊತ್ತು ತಂದಳು, ಹೊಸ ಚಾಪೆ ತಂದಳು. ಬಂದವರಿಗೆ ಬೆಲ್ಲ ನೀರು ಕೊಡದಿದ್ದರೆ ನಮ್ಮ ಕಡೆ ಅದು ಮನೆಯೇ ಅಲ್ಲ. ಆದರೆ ನಮ್ಮ ಜಾತಿಯವರ ಮನೆಯ ನೀರನ್ನು ಅವರು ಮುಟ್ಟುವುದಿಲ್ಲ, ಎಳನೀರಿನ ಬೊಂಡವಾದರೆ ಮೈಲಿಗೆಯಿಲ್ಲ. ಹಾಗಾಗಿ ಉಮ್ಮನ ಮರದಿಂದಲೇ ಎರಡು ಬೊಂಡ ಕೀಳಿಸಿ, ಬಾಳೆಲೆಯ ತುಂಡಿನಲ್ಲಿ ಬೆಲ್ಲವಿಟ್ಟು, ಮದುವೆಯ ಸೀರೆ ಉಟ್ಟು ಕಾದಳು.

ಹಿರಿಯರು ಬಂದರು, ಬೆಂಚಿನಲ್ಲಿ ಕೂತರು. ಎರಡು ಬೊಂಡವನ್ನೂ ಕುಡಿದು, ಬಹಳ ಸಿಹಿ ಉಂಟು, ಇದು ಮನೆಯದ್ದೇ ಮರದ್ದೋ ಎಂದು ಕೇಳಿದರು.

"ಹೌದು ಧನಿಗಳೇ, ಮನೆಯದ್ದೇ," ಎಂದಳು ಅಮ್ಮ.

ಅದು ಸುಳ್ಳಾಗಿರಲಿಲ್ಲ, ಮರ್ಯಾದೆಯಾಗಿತ್ತು. ನೀವು ಕುಡಿದದ್ದು ಬೇಡಿ ತಂದದ್ದು ಎಂದು ಮನೆಗೆ ಬಂದವರ ಮುಖಕ್ಕೆ ಹೇಳುವ ಹೆಂಗಸು ನಮ್ಮ ಊರಿನಲ್ಲಿರಲಿಲ್ಲ. ಹಿರಿಯರು ಕೈಮುಗಿದು ಹೋದರು. ಹದಿನೈದು ದಿನದ ಮೇಲೆ ಹೆಡ್ಮಾಸ್ತರರು ನನ್ನನ್ನು ಕರೆದು, ತೆಂಗಿನ ಮರ, ಬೆಂಚು ಎಲ್ಲ ಇರುವವರಿಗಿಂತ ಹೆಚ್ಚು ಕಷ್ಟದಲ್ಲಿರುವವರು ಇದ್ದಾರಂತೆ ಎಂದರು. ಅವರಿಗೂ ಬೇಸರವಾಗಿತ್ತು. ನನ್ನ ತಲೆ ನೇವರಿಸಿದರು, ಅದರಿಂದ ನನಗೇನೂ ಆಗಲಿಲ್ಲ.

ಒಂದು ವರ್ಷ ಬೀಡಿ ಕಟ್ಟಿದೆ. ಅಮ್ಮನ ಮೇಲೆ ನನಗಿದ್ದ ಸಿಟ್ಟು ಹೇಳತೀರದು. ನಿನ್ನ ಬೊಂಡದಿಂದಾಗಿ ನಾನು ಕೆಟ್ಟೆ ಎಂದು ಒಂದು ದಿನ ಅವಳ ಎದುರೇ ಹೇಳಿದೆ. ಅವಳು ನೂಲು ಸುತ್ತುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ, ಮತ್ತೆ ಸುತ್ತತೊಡಗಿದಳು. ಆ ಮಾತನ್ನು ನಾನು ಆಡಬಾರದಿತ್ತು.

ಮುಂದಿನ ಬೇಸಿಗೆಯಲ್ಲಿ ಹೆಡ್ಮಾಸ್ತರರು ಮತ್ತೆ ಅರ್ಜಿ ಹಾಕಿದರು. ಸುದ್ದಿ ತಿಳಿದ ಕೂಡಲೇ ಉಮ್ಮ ಬಂದರು. ಈ ಸಲ ನೆವ ಹೇಳಲಿಲ್ಲ.

"ಈ ಸಲ ನಾನು ಬೊಂಡ ಕೊಡುದಿಲ್ಲ, ಚಾಪೆ ಸಹ ಕೊಡುದಿಲ್ಲ," ಎಂದರು. "ಅವರು ಬಡತನ ನೋಡ್ಲಿಕ್ಕೆ ಬರುದು. ಅದನ್ನೇ ತೋರಿಸು ಮಾರಾಯ್ತಿ."

ಹೇಳಿ ಸುಮ್ಮನಾಗಲಿಲ್ಲ. ನಮ್ಮಲ್ಲಿದ್ದ ಒಂದೇ ತಾಮ್ರದ ಹಂಡೆಯನ್ನು ತಮ್ಮ ಮನೆಗೆ ಒಯ್ದಿಟ್ಟರು. ಮಡಲಿನ ತಟ್ಟಿ ಬಿಚ್ಚಿದರು. ನನ್ನ ಲಂಗದ ಹೊಲಿದಿದ್ದ ಕಡೆಯನ್ನು ಹಲ್ಲಿನಿಂದ ಕಡಿದು ಮತ್ತೆ ಹರಿದರು. ಅಮ್ಮ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು, ಬೇಡವೆನ್ನಲಿಲ್ಲ.

ಅದೇ ಹಿರಿಯರು ಬಂದರು, ನಡುಮಧ್ಯಾಹ್ನ. ಮೇ ತಿಂಗಳ ಬಿಸಿಲಿನಲ್ಲಿ ಬಸ್ಸಿಳಿದು ಏರು ದಾರಿ ನಡೆದು ಬಂದಿದ್ದರು. ವಯಸ್ಸಾದ ಮನುಷ್ಯ, ಏದುಸಿರು ಬಿಡುತ್ತಿದ್ದರು. ಕೂರಲು ಏನೂ ಇರಲಿಲ್ಲ. ಜಗಲಿಯ ಕಂಬ ಹಿಡಿದು ನಿಂತು ಶಾಲಿನಿಂದ ಮುಖ ಒರೆಸಿಕೊಂಡರು. ಒಳಗೆ ಇಣುಕಿದರು, ಕುಸಿದ ಗೋಡೆ ನೋಡಿದರು, ನನ್ನ ಲಂಗ ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಬಾಯಾರಿಕೆ ಆಗ್ತದೆ. ಒಂದು ಬೊಂಡ ಉಂಟಾ ಅಮ್ಮ?"

ಬೇಲಿಯಾಚೆ ಹತ್ತು ಮಾರು ದೂರದಲ್ಲಿ ಉಮ್ಮನ ಮರ ಕಾಯಿ ತುಂಬಿ ನಿಂತಿತ್ತು. ಬೇಲಿಯ ಮರೆಯಲ್ಲಿ ಉಮ್ಮನೂ ಇದ್ದರು. ಅಮ್ಮನ ಎರಡು ಕೈಗಳೂ ತಾವಾಗಿಯೇ ಮುಂದೆ ಬಂದವು. ನಾನು ಅವಳನ್ನೇ ನೋಡುತ್ತಿದ್ದೆ. ಕೊಟ್ಟುಬಿಡುತ್ತಾಳೆ ಎಂದು ನನಗೆ ಜೀವ ಹೋದಷ್ಟು ಹೆದರಿಕೆಯಾಯಿತು. ನಾನು ಅವಳ ಸೆರಗು ಹಿಡಿದು ಜಗ್ಗಿದೆ.

"ಇಲ್ಲ ಧನಿಗಳೇ," ಎಂದಳು ಅಮ್ಮ. "ನಮ್ಮಲ್ಲಿ ಏನೂ ಇಲ್ಲ."

ಅವರು ತಲೆಯಾಡಿಸಿ, ಕಾಗದದಲ್ಲಿ ಏನೋ ಬರೆದುಕೊಂಡರು. ಹೊರಡುವಾಗ ಮೃದುವಾಗಿಯೇ ಹೇಳಿದರು, "ಹೋದ ವರ್ಷವೇ ಹೀಗೆ ಇದ್ದಿದ್ದರೆ ಮಗುವಿನ ಒಂದು ವರ್ಷ ಹಾಳಾಗ್ತಿರ್ಲಿಲ್ಲ."

ಜಾಗ ಸಿಕ್ಕಿತು. ನಾಲ್ಕು ವರ್ಷ ಹೊಟ್ಟೆ ತುಂಬ ಉಂಡೆ, ಓದಿದೆ. ಸೂರ್ಯ ಮುಳುಗುವ ಮೊದಲೇ ಊಟ, ಊಟಕ್ಕೆ ಮೊದಲು ಅನ್ನದಾತರಿಗೆ ಸುಖ ಕೋರುವ ಪ್ರಾರ್ಥನೆ. ಒಂದು ಹೊತ್ತೂ ತಪ್ಪಿಸದೆ ಅದನ್ನು ಹೇಳಿದ್ದೇನೆ. ಆ ಹಿರಿಯರು ಕೆಟ್ಟವರಾಗಿರಲಿಲ್ಲ. ನನ್ನಂಥ ಎಷ್ಟೋ ಹುಡುಗಿಯರು ಅವರಿಂದಾಗಿ ಟೀಚರುಗಳಾದರು, ನರ್ಸುಗಳಾದರು. ಇದನ್ನು ಒಪ್ಪುತ್ತೇನೆ, ಒಪ್ಪಿದರೂ ಸಿಟ್ಟು ಇಳಿಯುವುದಿಲ್ಲ. ಅಮ್ಮ ನನ್ನನ್ನು ನೋಡಲು ಬಂದಾಗಲೆಲ್ಲ ಗೇಟಿನ ಹೊರಗೇ ನಿಂತು ಮಾತಾಡಿಸಿ ಹೋಗುತ್ತಿದ್ದಳು. ಒಳಗೆ ಬಂದು ಉಂಡು ಹೋಗಿ ಎಂದು ಅಲ್ಲಿನವರು ಕರೆದರೆ ಉಂಡೇ ಬಂದಿದ್ದೇನೆ ಎನ್ನುತ್ತಿದ್ದಳು.

ನನಗೆ ಕೆಲಸ ಸಿಕ್ಕಿ ಅಮ್ಮನನ್ನು ನನ್ನೊಂದಿಗೆ ಇರಿಸಿಕೊಂಡ ಮೇಲೆ, ಆ ಹಿರಿಯರು ತೀರಿಕೊಂಡ ಸುದ್ದಿ ಬಂತು. ಎಂಥ ದೊಡ್ಡ ಧರ್ಮಿಷ್ಠರು, ನೇರ ಸ್ವರ್ಗಕ್ಕೆ ಹೋದಾರು ಎಂದು ಸುದ್ದಿ ತಂದವರು ಹೊಗಳಿದರು. ಸುದ್ದಿ ತಂದವರು ಹೊರಟ ಮೇಲೂ ಅಮ್ಮ ಬಾಗಿಲಲ್ಲೇ ಕೂತಿದ್ದಳು. ನಾನು ಊಟಕ್ಕೆ ಕರೆದೆ.

"ನನಗೆ ಬೇಡ ಮಗಾ," ಎಂದಳು. "ಬಾಯಾರಿ ಬಂದ ಮುದುಕರು, ಬಾಯಿಬಿಟ್ಟು ಕೇಳಿದರು. ಇಲ್ಲ ಅಂದುಬಿಟ್ಟೆ ನಾನು. ಈ ಪಾಪ ಎಲ್ಲಿ ಕಳಿಯುದು?"

ಆ ಇಡೀ ವ್ಯವಹಾರದಲ್ಲಿ ಪಾಪ ಮಾಡಿದೆನೆಂದು ಅಂದುಕೊಂಡವಳು ನನ್ನ ಅಮ್ಮ ಒಬ್ಬಳೇ. ಅವತ್ತು ಅವಳು ಉಣ್ಣಲಿಲ್ಲ. ಸೆರಗು ಜಗ್ಗಿದವಳು ನಾನು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.