ದೇವರ ಕೋಣೆಯ ಹೊಸ್ತಿಲು

ಸಖರಾಯಪಟ್ಟಣದಿಂದ ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ನನಗೆ ಮೊದಲು ಸಿಕ್ಕ ಕೆಲಸ ದೇವರ ಕೋಣೆಯ ಹೊಸ್ತಿಲು ತೊಳೆಯುವುದು. ದಿನಾ ಒಂದು ಕೊಡ ನೀರು ಸುರಿಯದಿದ್ದರೆ ಅತ್ತೆಯವರಿಗೆ ಸಮಾಧಾನವಿರಲಿಲ್ಲ. ಆ ಕೋಣೆಗೆ ಕಿಟಕಿಯಿಲ್ಲ. ಇದ್ದ ಒಂದು ಗವಾಕ್ಷಿಯನ್ನೂ ಬೆಕ್ಕು ನುಗ್ಗುತ್ತದೆಂದು ಮುಚ್ಚಿಸಿದ್ದರು. ಗೋಡೆಯ ಆಚೆಗೆ ಬಚ್ಚಲು.

ಎರಡನೆಯ ಮಳೆಗಾಲದಲ್ಲಿ ಹೊಸ್ತಿಲಿನ ಮೂಲೆಯಲ್ಲಿ ದಪ್ಪನೆಯ ಹಳದಿ ಪದರ ಕಾಣಿಸಿತು. ಅತ್ತೆ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಅರಿಶಿನ ಹಚ್ಚಿದರೆ ನಮ್ಮ ಸೊಸೆಯ ಹಾಗೆ ಹಚ್ಚಬೇಕು ಎಂದರು. ನಾನು ಆ ಮೂಲೆಗೆ ಅರಿಶಿನ ಮುಟ್ಟಿಸಿ ವಾರವಾಗಿತ್ತು. ಹೊಗಳಿಕೆ ಅಪರೂಪವಾಗಿದ್ದ ಮನೆ, ಸುಮ್ಮನಿದ್ದೆ.

ಆಮೇಲೆ ಮುಗ್ಗಲು ವಾಸನೆ ಶುರುವಾಯಿತು. ಬಾಗಿಲ ಚೌಕಟ್ಟಿನ ಬುಡದಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು ಹರಡಿದವು. ಮಾವ ಗೆದ್ದಲೆಂದು ತೀರ್ಮಾನಿಸಿ ಸೀಮೆಎಣ್ಣೆ ಸುರಿದರು. ದೇವರಿಗೆ ಆ ವಾಸನೆ ಆಗದೆಂದು ಅತ್ತೆ ಅದರ ಮೇಲೆ ಇನ್ನೂ ನಾಲ್ಕು ಕೊಡ ನೀರು ಹೊಯ್ಯಿಸಿದರು. ಕೊನೆಗೆ ಮಾವ ಬೀರೂರಿನಲ್ಲಿ ರೈಲು ಬದಲಿಸಿಕೊಂಡು ತರೀಕೆರೆಗೆ ಹೋಗಿ, ಪಳಗಿದ ಬಡಗಿಯೊಬ್ಬನನ್ನು ಕರೆತಂದರು.

ಆತ ಹೊಸ್ತಿಲಿಗೆ ಉಳಿ ಊರಿದ. ಸುತ್ತಿಗೆ ಎತ್ತುವ ಮೊದಲೇ ಅದು ಹಿಡಿಯವರೆಗೂ ಇಳಿಯಿತು. ಮೀಟಿದಾಗ ಕಂದಿದ ಮರ ಬೆಲ್ಲದ ಚೂರುಗಳಂತೆ ಚೌಕ ಚೌಕವಾಗಿ ಉದುರಿತು.

"ಗೆದ್ಲಲ್ಲ ಕಣ್ರಮ್ಮಾ. ಗೆದ್ಲಾಗಿದ್ರೆ ಮಣ್ಣು ಕಟ್ಟಿರೋದು. ಇದು ಬೂಷ್ಟು. ನೀರು ಕುಡಿಸಿ ಸಾಕಿದೀರಿ," ಎಂದ.

"ದೇವ್ರ ಹೊಸ್ತಿಲಿಗೆ ನೀರು ಹಾಕಿದ್ದು ತಪ್ಪೇನಪ್ಪಾ?" ಎಂದರು ಅತ್ತೆ.

"ತಪ್ಪಲ್ಲ. ಆದ್ರೆ ಅದು ಯಾರ ಹೊಸ್ತಿಲು ಅಂತ ಮರಕ್ಕೆ ಗೊತ್ತಾಗಲ್ಲ."

ಅತ್ತೆ ಕೊಡ ಎತ್ತಿಕೊಂಡು ಒಳಗೆ ಹೊರಟರು. ನನಗೆ ನಗು ಬಂತು. ಅವರ ಮುಖ ನೋಡಿ ನಾಚಿಕೆಯೂ ಆಯಿತು. ಬಡಗಿ ಚೌಕಟ್ಟಿನ ಬುಡವನ್ನು ಗಟ್ಟಿ ಮರ ಸಿಗುವವರೆಗೂ ಕೊಯ್ದು, ಅದರ ಮೇಲೆ ಇನ್ನೊಂದು ಗೇಣು ತೆಗೆದು ಹೊಸ ಮರ ಜೋಡಿಸಿದ. ಕಲ್ಲಿನ ಮೇಲೆ ಹೊನ್ನೆ ಮರದ ಹೊಸ ಹೊಸ್ತಿಲು ಕೂರಿಸಿದ. ಬಚ್ಚಲ ನೀರು ಗೋಡೆಗೆ ಇಂಗದಂತೆ ಮೋರಿ ತಿರುಗಿಸಿ, ಗವಾಕ್ಷಿ ತೆರೆಸಿದ. ಇನ್ನು ಮುಂದೆ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು, ಹಳೆಯ ಮರ ಸುಟ್ಟುಬಿಡಿ ಎಂದು ಹೇಳಿ ಹೋದ.

ದೇವರ ಹೊಸ್ತಿಲನ್ನು ಒಲೆಗೆ ಹಾಕುವುದುಂಟೆ? ಅತ್ತೆ ಅದನ್ನು ಮಡಿಬಟ್ಟೆಯಲ್ಲಿ ಸುತ್ತಿ, ಮಂಚಕ್ಕೆಂದು ಅಟ್ಟದಲ್ಲಿ ಇಟ್ಟಿದ್ದ ಹಲಸಿನ ಹಲಗೆಗಳ ಮೇಲೆ ಭಕ್ತಿಯಿಂದ ಮಲಗಿಸಿದರು. ಮುಂದಿನ ಮಳೆಗೆ ಹೆಂಚು ಸೋರಿತು. ಅಟ್ಟವೂ ನಾರತೊಡಗಿತು, ಮೇಲಿನ ಮೂರು ಹಲಗೆಗಳು ಬೂಷ್ಟು ಹಿಡಿದು ಹೋಗಿದ್ದವು. ಮಾವ ಯಾರನ್ನೂ ಕೇಳದೆ ಹಳೆಯ ಹೊಸ್ತಿಲು ಸಮೇತ ಎಲ್ಲವನ್ನೂ ಬಚ್ಚಲ ಒಲೆಗೆ ತುರುಕಿದರು.

ದಿನಾ ಎಲ್ಲರಿಗಿಂತ ಮೊದಲು ಸ್ನಾನ ಮಾಡುವ ಅತ್ತೆ ಬಂದು ನೋಡುವಷ್ಟರಲ್ಲಿ ಹಂಡೆ ಕುದಿಯುತ್ತಿತ್ತು. ಒಲೆಯೊಳಗೆ ಇಣುಕಿ, ನನ್ನ ಕಡೆ ತಿರುಗಿ, "ನೀರು ಆರೋಗುತ್ತೆ ಕಣೇ. ನೀನೇ ಮೊದ್ಲು ಸ್ನಾನ ಮಾಡ್ಕೋ ಹೋಗು," ಎಂದರು.