ಹೃದಯದ ಪರೀಕ್ಷೆಗೆ ಪೂರ್ವಸಿದ್ಧತೆ

ಬೆಳಗಿನ ಹೊತ್ತು ಬಣ್ಣದ ಬೂಟು ತೊಟ್ಟು ಓಡುವವರನ್ನು ನಾನು ಮೊದಲಿನಿಂದಲೂ ತಾತ್ಸಾರದಿಂದಲೇ ನೋಡಿಕೊಂಡು ಬಂದವನು. ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಕಾಲೊನಿಯ ಮೈದಾನದಲ್ಲಿ ಇಂಥವರದೊಂದು ಹಿಂಡೇ ಇದೆ. ಓಡುವ ಮೊದಲು ಕಾಲೆತ್ತಿ ಕಟ್ಟೆಯ ಮೇಲಿಟ್ಟು ಬಾಗುತ್ತಾರೆ. ಓಡಿದ ಮೇಲೆ ಮುಂಗೈ ಗಡಿಯಾರವನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಹೆಬ್ಬೆರಳೆತ್ತಿ ಫೋಟೊ ತೆಗೆಸಿಕೊಂಡು, ಸಾಲಾಗಿ ಹೋಗಿ ತುಪ್ಪದ ದೋಸೆ ತಿನ್ನುತ್ತಾರೆ. ಬಸ್ಸು ತಪ್ಪುವ ಭಯವಿಲ್ಲ, ನಾಯಿ ಅಟ್ಟಿಸಿಕೊಂಡು ಬಂದಿಲ್ಲ. ಹೊರಟಲ್ಲಿಗೇ ವಾಪಸು ಬರುವುದಕ್ಕಾಗಿ ಓಡುವ ಮನುಷ್ಯನ ತಲೆಯಲ್ಲಿ ಏನಿರಬಹುದು ಎಂದು ನಾನು ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಯೋಚಿಸುತ್ತಿದ್ದೆ. ಏನೂ ಇರುವುದಿಲ್ಲ ಎಂಬುದು ನನ್ನ ತೀರ್ಮಾನವಾಗಿತ್ತು. ಈಗ ನಾನೂ ಓಡುತ್ತೇನೆ. ತೀರ್ಮಾನ ಬದಲಾಗಿಲ್ಲ.

ನಾನು ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮಾಸ್ತರ. ಒಂದು ದಿನ ಶಾಲೆಯ ಲಿಫ್ಟ್ ಕೆಟ್ಟು, ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿ ಹೋದೆ. ಮಕ್ಕಳು ಎದ್ದುನಿಂತು ನಮಸ್ಕಾರ ಹೇಳಿದರು. ಕೂತುಕೊಳ್ಳಿ ಎನ್ನಲು ನನಗೆ ಉಸಿರಿರಲಿಲ್ಲ. ಇಡೀ ತರಗತಿ ನಿಂತೇ ಇತ್ತು, ನಾನು ಮೇಜು ಹಿಡಿದು ಬಗ್ಗಿಕೊಂಡೇ ಇದ್ದೆ. ಇದನ್ನು ಮನೆಯಲ್ಲಿ ಹೇಳಿದ್ದು ನನ್ನ ಮೊದಲ ತಪ್ಪು. ನಮ್ಮ ಮನೆಯಲ್ಲಿ ಚಿಂತೆ ಮಾಡುವ ಖಾತೆ ನನ್ನದು, ಏನಾದರೂ ಮಾಡುವ ಖಾತೆ ಹೆಂಡತಿಯದು. ಆಕೆ ಬೀದರಿನವಳು. ಅಂದೇ ಸಂಜೆ ನನ್ನನ್ನು ಕನ್ನಡ ಬಲ್ಲ ಡಾಕ್ಟರೊಬ್ಬರ ಮುಂದೆ ಕೂರಿಸಿದಳು.

ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ನಿರಾಳವಾಗಿ ಏನೋ ಗೀಚುತ್ತ, ನಿಮ್ಮ ತಂದೆ ಹೇಗಿದ್ದಾರೆ ಎಂದು ಕೇಳಿದರು. ಇಲ್ಲ, ಐವತ್ತೆರಡಕ್ಕೇ ಹೋದರು, ಕುರ್ಚಿಯಲ್ಲಿ ಕೂತವರು ಕೂತ ಹಾಗೆಯೇ ಎಂದೆ. ಗೀಚುವುದು ನಿಂತಿತು. ನಿಮಗೆಷ್ಟು ವಯಸ್ಸು ಎಂದರು. ಐವತ್ತೊಂದು ಎಂದೆ. ಈ ವಾರದಲ್ಲೇ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಎಂದರು. ಎದೆಗೆ ವೈರು ಅಂಟಿಸಿ, ಉರುಳುವ ಪಟ್ಟಿಯ ಮೇಲೆ ನಡೆಸುತ್ತಾರೆ. ವೇಗ ಏರಿಸುತ್ತಾ ಹೋಗುತ್ತಾರೆ. ಶ್ರಮ ಹೆಚ್ಚಿದಂತೆ ಹೃದಯ ಏನು ಮಾಡುತ್ತದೆ ಎಂದು ಪರದೆಯಲ್ಲಿ ನೋಡುತ್ತಾರೆ. ಇಷ್ಟೇ.

ಅವರು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು 'ಪರೀಕ್ಷೆ' ಎಂಬುದು ಮಾತ್ರ. ಕಾಲು ಶತಮಾನ ಪರೀಕ್ಷೆಗಳನ್ನೇ ಉಂಡು ಉಟ್ಟವನು ನಾನು. ಓದದೆ ಪರೀಕ್ಷೆಗೆ ಕೂರುವವನನ್ನು ಕಂಡರೆ ನನಗಾಗದು. ಮೂರು ಮಹಡಿ ಹತ್ತಲಾರದ ನಾನು ಈ ವಾರವೇ ಆ ಪಟ್ಟಿಯ ಮೇಲೆ ನಿಂತರೆ ಫೇಲಾಗುವುದು ಖಂಡಿತ. ಫೇಲಾದರೆ ಮುಂದೆ ಆಂಜಿಯೋಗ್ರಾಂ, ಅದರ ಮುಂದೆ ಸ್ಟೆಂಟು, ಅದರ ಮುಂದೆ ನಡುಮನೆಯ ಗೋಡೆಯಲ್ಲಿ ಅಪ್ಪನ ಫೋಟೊದ ಪಕ್ಕ ಇನ್ನೊಂದು ಮೊಳೆ. ಆದ್ದರಿಂದ ಮೊದಲು ಚೆನ್ನಾಗಿ ತಯಾರಾಗುವುದು, ಪಾಸಾಗುವಷ್ಟು ಓಡಲು ಕಲಿಯುವುದು, ಆಮೇಲೆ ಪರೀಕ್ಷೆಗೆ ಹೋಗುವುದು ಎಂದು ನಿಶ್ಚಯಿಸಿದೆ. ಎಂ.ಎಸ್ಸಿ. ಓದಿದ ತಲೆಯಲ್ಲಿ ಹುಟ್ಟಿದ ಯೋಚನೆ ಇದು.

"ಯೂನಿಟ್ ಟೆಸ್ಟ್ ನಡದಾವ, ಪೇಪರ್ ತಿದ್ದೂದು ಐತಿ. ಮುಂದಿನ ತಿಂಗಳ ಮಾಡ್ಸೋಣು," ಎಂದು ಹೆಂಡತಿಗೆ ಹೇಳಿದೆ. ಆಕೆ ದುರುಗುಟ್ಟಿ ನೋಡಿದಳು.

ಗುಟ್ಟು ಗೊತ್ತಿದ್ದದ್ದು ಕೆಳಗಿನ ಮನೆಯ ಕಾಕಾನಿಗೆ ಮಾತ್ರ. ಇಲ್ಲಿನ ದೊಡ್ಡ ಕಾರ್ಖಾನೆಯಿಂದ ನಿವೃತ್ತರಾದವರು, ರಾಯಚೂರು ಕಡೆಯವರು. ನನ್ನ ಯೋಜನೆ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಅದರಾಗೇನು ತಪ್ಪೈತ್ರಿ ಮಾಸ್ತರ? ನಮ್ಮ ಪ್ಲಾಂಟಿನ್ಯಾಗ ವರ್ಷಾ ಮೆಡಿಕಲ್ ಇರ್ತಿತ್ತು. ಅದಕ್ಕ ಒಂದ್ ತಿಂಗಳ ಮೊದಲ ಸಕ್ರಿ ಬಂದ್, ಅನ್ನ ಬಂದ್. ರಿಪೋರ್ಟ್ ಏಕದಂ ಫಸ್ಟ್ ಕ್ಲಾಸ್! ರಕ್ತ ಕೊಟ್ಟು ಹೊರಗ ಬಂದ ಕೂಡ್ಲೇ ಪಾವ್ ಕಿಲೋ ಜಿಲೇಬಿ."

"ಈಗ ಶುಗರ್ ಎಷ್ಟೈತ್ರಿ ಕಾಕಾ?"

"ಈಗ ರಿಟೈರ್ ಆಗೀನಲ್ರಿ. ಯಾರು ನೋಡ್ತಾರ?"

ಕಾಕಾನ ಪಾದಗಳಿಗೆ ಈಗ ಸ್ಪರ್ಶವಿಲ್ಲ. ಚಪ್ಪಲಿ ಕಳಚಿ ಹಿಂದೆ ಉಳಿದರೂ ತಿಳಿಯದೆ ಮುಂದೆ ನಡೆದುಬಿಡುತ್ತಾರೆ. ಯಾರಾದರೂ ಕೂಗಿ ಹೇಳಬೇಕು. ನಾನು ಅವರ ಕಾಲು ನೋಡಬೇಕಿತ್ತು. ಜಿಲೇಬಿಯ ಮಾತು ಕೇಳಿಸಿಕೊಂಡೆ.

ಓಟ ಕಲಿಸುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಸ್ವಲ್ಪ ಓಡು, ಸ್ವಲ್ಪ ನಡೆ, ಮತ್ತೆ ಓಡು. ವಾರ ಕಳೆದಂತೆ ಓಟ ಬೆಳೆಯುತ್ತದೆ, ನಡಿಗೆ ಸವೆಯುತ್ತದೆ. ಇದಕ್ಕೆ ಇಂಟರ್ವಲ್ ಟ್ರೇನಿಂಗ್ ಎಂಬ ಘನವಾದ ಹೆಸರು. ಯಾವಾಗ ಓಡಬೇಕು, ಯಾವಾಗ ನಡೆಯಬೇಕು ಎಂದು ಕಿವಿಯಲ್ಲಿ ಒಬ್ಬಾಕೆ ಇಂಗ್ಲಿಷಿನಲ್ಲಿ ಉಸುರುತ್ತಾಳೆ. ದನಿಯಲ್ಲಿ ಎಷ್ಟು ಸಕ್ಕರೆಯೆಂದರೆ ಕಾಕಾನಿಗೆ ಕೇಳಿಸುವ ಹಾಗಿಲ್ಲ. ಒಂದು ದಿನ ಪರೀಕ್ಷಿಸೋಣವೆಂದು ಕಟ್ಟೆಯ ಮೇಲೆ ಕೂತು ಇರಾನಿ ಚಹಾ ಕುಡಿದೆ. ನೀವು ಅದ್ಭುತವಾಗಿ ಓಡುತ್ತಿದ್ದೀರಿ, ಹೀಗೇ ಮುಂದುವರಿಸಿ ಎಂದಳು. ನಮ್ಮ ಶಾಲೆಯ ಪ್ರಗತಿಪತ್ರಗಳಲ್ಲಿ ನಾವು ಬರೆಯುವುದೂ ಇದೇ ಧಾಟಿಯಲ್ಲಿ.

ಬೂಟು ಕೊಳ್ಳಲು ಹೋದಾಗ ಅಂಗಡಿಯವನು ನನ್ನ ಹೊಟ್ಟೆಯನ್ನು ನೋಡಿ, ನೋಡದವನಂತೆ ನಟಿಸಿ, "ಮ್ಯಾರಥಾನಾ ಸಾರ್?" ಎಂದ. ವ್ಯಾಪಾರ ಬಲ್ಲವನು.

ಮೊದಲ ದಿನ ಒಂದು ನಿಮಿಷ ಓಡಬೇಕಿತ್ತು. ನಿಮಿಷ ಎಂದರೇನೆಂದು ಗಣಿತದವನಾದ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೇಟಿನಿಂದ ಹೊರಟವನು ಟ್ರಾನ್ಸ್‌ಫಾರ್ಮರ್ ಮುಟ್ಟುವ ಮೊದಲೇ ಇಹಲೋಕದ ಎಲ್ಲ ಬಾಕಿಗಳನ್ನು ನೆನೆದುಕೊಂಡೆ. ಸೀರೆಯ ಮೇಲೆ ಸ್ವೆಟರು ಹಾಕಿದ ಇಬ್ಬರು ಅಜ್ಜಿಯರು ಸೊಸೆಯಂದಿರನ್ನು ತೆಲುಗಿನಲ್ಲಿ ಬೈಯುತ್ತ, ಓಡುತ್ತಿದ್ದ ನನ್ನನ್ನು ನಡೆದುಕೊಂಡೇ ದಾಟಿ ಹೋದರು. ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರೆ ಇವನ ತಲೆಯಲ್ಲಿ ಏನೂ ಇಲ್ಲವೆಂದು ನಾನೇ ಹೇಳುತ್ತಿದ್ದೆ.

ಆದರೂ ದೇಹಕ್ಕೆ ಮಾನ ಮರ್ಯಾದೆಯಿಲ್ಲ. ಯಾಕೆ ಓಡಿಸುತ್ತಿದ್ದೀ ಎಂದು ಕೇಳದೆ ಅದು ಕಲಿಯತೊಡಗಿತು. ಕೆಲವು ವಾರಗಳಲ್ಲಿ ಟ್ರಾನ್ಸ್‌ಫಾರ್ಮರ್ ದಾಟಿದೆ. ಆಮೇಲೆ ಬೇವಿನ ಮರ. ಆಮೇಲೆ ನೀರಿನ ಟ್ಯಾಂಕು. ಅಜ್ಜಿಯರನ್ನು ಹಿಂದೆ ಹಾಕಿದ ದಿನ ನನಗಾದ ಹೆಮ್ಮೆಯನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎಪ್ಪತ್ತು ದಾಟಿದ, ಮಂಡಿ ನೋವಿನ ಹೆಂಗಸರು. ಮನೆಗೆ ಬಂದು ಎರಡು ಚಪಾತಿ ಹೆಚ್ಚಿಗೆ ತಿಂದೆ.

ಚಿಂತೆ ಮಾತ್ರ ಓಟಕ್ಕಿಂತ ಜೋರಾಗಿ ಬೆಳೆಯಿತು. ಪಾಠ ಮಾಡುವಾಗಲೂ ಎಡ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡಿಕೊಳ್ಳುತ್ತಿದ್ದೆ. ಮಾಸ್ತರರು ಗಡಿಯಾರ ಮರೆತು ಬಂದಿದ್ದಾರೆ ಎಂದುಕೊಂಡ ಮಕ್ಕಳು ಸಮಯ ಎಷ್ಟೆಂದು ಕೂಗಿ ಹೇಳುತ್ತಿದ್ದವು. ಪರೀಕ್ಷೆಗೆ ಹೋಗೋಣವೆಂದರೆ ಇನ್ನೊಂದು ವಾರ ಓಡಿದರೆ ಇನ್ನೂ ಚೆನ್ನಾಗಿ ಪಾಸಾಗಬಹುದಲ್ಲ ಎಂಬ ಆಸೆ. ಮುಂದಿನ ತಿಂಗಳು ಎಂದದ್ದು ಹೀಗೆ ಅದರ ಮುಂದಿನ ತಿಂಗಳಾಯಿತು.

ಒಂದು ಬೆಳಿಗ್ಗೆ, ನಡುವೆ ನಡಿಗೆಯೇ ಇಲ್ಲದ ಉದ್ದದ ಓಟವಿತ್ತು. ಬೇವಿನ ಮರ ದಾಟಿದಾಗ ಎಡಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿಯಲ್ಲಿ ಹಿಡಿದು ಹಿಂಡಿದ ಹಾಗಾಯಿತು. ಟ್ಯಾಂಕಿನ ಕಟ್ಟೆಯ ಮೇಲೆ ಕುಸಿದು ಕೂತೆ. ಅರ್ಧ ಮುಗಿಸಿದಿರಿ, ನಿಮ್ಮ ಬಗ್ಗೆ ನೀವೇ ಹೆಮ್ಮೆಪಡಬೇಕು ಎಂದಳು ಕಿವಿಯವಳು. ಆ ಕ್ಷಣದಲ್ಲಿ ಹೆಂಡತಿಯ ಮುಖ ಕಣ್ಣೆದುರು ಬಂತು, ಅಪ್ಪ ನೆನಪಾದರು ಎಂದೆಲ್ಲ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ನನಗೆ ಹೊಳೆದದ್ದು ಒಂದೇ: ಅಯ್ಯೋ, ಇನ್ನು ರಿಪೋರ್ಟು ಕೆಟ್ಟು ಬರುತ್ತದಲ್ಲ.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡದೊಂದು ತೇಗು ಬಂದು ಹಿಡಿತ ಬಿಟ್ಟಿತು. ಹಿಂದಿನ ಸಂಜೆ ತಿಂದ ಮಿರ್ಚಿ ಭಜ್ಜಿಯ ವಾಸನೆ. ಅಷ್ಟರಲ್ಲಿ ಕಾಕಾ ನನ್ನನ್ನು ದೂರದಿಂದ ನೋಡಿ, ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿಸಿದ್ದರು. ಆ ಸ್ಪರ್ಶವಿಲ್ಲದ ಕಾಲುಗಳು ಅಷ್ಟು ಬೇಗ ಮೆಟ್ಟಿಲು ಹತ್ತಿದ್ದು ಹೇಗೋ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಎದಿ ಹಿಡ್ಕೊಂಡು ಕುಂತಿದ್ರಂತ?"

"ಗ್ಯಾಸ್."

"ಗ್ಯಾಸೋ ಏನೋ ನಿಮಗ ಹೆಂಗ ಗೊತ್ತು? ವಾರದಾಗ ಟೆಸ್ಟ್ ಮಾಡ್ಸ್ರಿ ಅಂದಿದ್ರು ಡಾಕ್ಟರ್. ಎಷ್ಟು ವಾರ ಆತು?"

"ತಯಾರಿ ನಡದಿತ್ತು."

"ಯಾತರ ತಯಾರಿ?"

"ಟೆಸ್ಟಿಂದು."

ಅರ್ಥವಾಗಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು. ಯೂನಿಟ್ ಟೆಸ್ಟು, ಬೂಟು, ಬೆಳಗಿನ ಓಟ ಎಲ್ಲವನ್ನೂ ಒಂದಕ್ಕೊಂದು ಕೂಡಿಸಿಕೊಳ್ಳುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು.

"ಹುಡುಗ್ರು ಕಾಪಿ ಹೊಡದ್ರ ಕ್ಲಾಸಿಂದ ಹೊರಗ ಹಾಕ್ತೀರಲ್ರಿ, ನಿಮ್ಮನ್ನ ಎಲ್ಲಿಂದ ಹೊರಗ ಹಾಕ್ಲಿ?"

"ಕಾಪಿ ಅಲ್ಲಬೇ, ಅಭ್ಯಾಸ."

"ಫೇಲಾದ ಹುಡುಗ್ರನ್ನ ನೀವು ಮತ್ತ ಪರೀಕ್ಷಾಕ್ಕ ಕೂಡ್ಸ್ತೀರಿ. ನೀವು ಗ್ರೌಂಡಿನ್ಯಾಗ ಬಿದ್ದಿದ್ರ ನಾ ಯಾರನ್ನ ಕೇಳ್ಲಿ ಮತ್ತೊಮ್ಮೆ ಕೂಡ್ಸ್ರಿ ಅಂತ?"

ಅಷ್ಟು ಹೇಳಿ ಒಳಗೆ ಹೋದಳು. ಪಾತ್ರೆಗಳು ಸದ್ದು ಮಾಡಲಿಲ್ಲ. ಆಕೆ ಕೋಪಿಸಿಕೊಂಡರೆ ಪಾತ್ರೆಗಳು ಮಾತಾಡುತ್ತವೆ. ಅವು ಸುಮ್ಮನಿದ್ದುದು ನೋಡಿ ಮೊದಲ ಸಲ ನನಗೆ ಸರಿಯಾದ ಭಯವಾಯಿತು.

ಮರುದಿನವೇ ಪರೀಕ್ಷೆ. ಎದೆಯ ಕೂದಲು ಬೋಳಿಸಿ ವೈರು ಅಂಟಿಸುತ್ತಿದ್ದ ಟೆಕ್ನಿಶಿಯನ್, "ಅಂಕಲ್, ರನ್ನಿಂಗ್ ಗಿನ್ನಿಂಗ್ ಕರ್ತೇ ಕ್ಯಾ?" ಎಂದ. ಕುಛ್ ನಹೀ, ಓಟಗೀಟ ಏನೂ ಇಲ್ಲ ಎಂದೆ. ಏನೂ ಓದಿಲ್ಲಪ್ಪ ಎಂದು ಗೋಳಾಡಿ, ಒಳಗೆ ಹೋಗಿ ಹಾಳೆಯ ಮೇಲೆ ಹಾಳೆ ಕೇಳುವ ಮುಂದಿನ ಬೆಂಚಿನವನ ದನಿ ನನ್ನ ಗಂಟಲಿಂದ ಹೊರಟಿತ್ತು. ಮೂಲೆಯ ಸ್ಟೂಲಿನಿಂದ ಹೆಂಡತಿ, "ಝೂಟ್ ಬೋಲ್ ರಹೇ. ರೋಜ್ ಭಾಗ್ತೇ," ಎಂದು ನನ್ನ ಸುಳ್ಳನ್ನೂ ದಿನದ ಓಟವನ್ನೂ ಅವನಿಗೆ ಒಪ್ಪಿಸಿದಳು.

ಪಟ್ಟಿ ಉರುಳತೊಡಗಿತು. ಮೊದಲು ಸಂತೆಗೆ ಹೋಗುವ ನಡಿಗೆ. ಆಮೇಲೆ ವೇಗ ಏರಿತು, ಪಟ್ಟಿಯ ಇಳಿಜಾರು ಹೆಚ್ಚಿತು. ಮತ್ತೆ ಏರಿತು. ನನ್ನ ಕಾಲುಗಳು ಅಭ್ಯಾಸಬಲದಿಂದ, ಈಗ ಕಿವಿಯವಳು ನಡೆಯಿರಿ ಎನ್ನುತ್ತಾಳೆ ಎಂದು ಕಾಯುತ್ತಿದ್ದವು. "ನಡುವೆ ನಡಿಗೆ ಇಲ್ಲವೇ?" ಎಂದು ಡಾಕ್ಟರನ್ನು ಕೇಳಿಯೂಬಿಟ್ಟೆ. ಅವರು ಪರದೆಯಿಂದ ಕಣ್ಣು ತೆಗೆಯದೆ ಇಲ್ಲವೆಂದು ತಲೆಯಾಡಿಸಿದರು. ನಾನು ಅವರ ಹುಬ್ಬನ್ನೇ ನೋಡುತ್ತ ಓಡಿದೆ. ಉತ್ತರಪತ್ರಿಕೆ ತಿದ್ದುವಾಗ ಎದುರು ನಿಂತ ಮಕ್ಕಳು ನನ್ನ ಹುಬ್ಬನ್ನು ಯಾಕೆ ಹಾಗೆ ನೋಡುತ್ತವೆಂದು ಗೊತ್ತಾಯಿತು.

ಪಟ್ಟಿ ನಿಂತಿತು. ಡಾಕ್ಟರು ಕಾಗದ ಹರಿದು ಓದಿ, ಏನೂ ತೊಂದರೆಯಿಲ್ಲ, ವಯಸ್ಸಿಗೆ ಚೆನ್ನಾಗಿಯೇ ಇದೆ ಎಂದರು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರಿದ್ದವನು ನಾನು.

ಅಲ್ಲಿಗೆ ಎದ್ದು ಬರಬೇಕಿತ್ತು. ಆದರೆ ನನ್ನಂಥವನಿಗೆ ಪಾಸಾದರೂ ನಿದ್ದೆ ಬರುವುದಿಲ್ಲ. "ಡಾಕ್ಟ್ರೇ, ಮೊದಲೇ ಓಡಿ ತಯಾರಾಗಿ ಬಂದರೆ ರಿಪೋರ್ಟು ಬದಲಾಗುತ್ತದೆಯೇ?" ಎಂದು ಕೇಳಿದೆ. ಅವರು ಯಾಕೆ ಎಂದರು. ಹೆಂಡತಿ ಎಲ್ಲವನ್ನೂ ಹೇಳಿದಳು, ನಾನು ಹೇಳುವುದಕ್ಕಿಂತ ವಿಸ್ತಾರವಾಗಿ.

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ನಿಮ್ಮಂಥವರು ಓಡಬಹುದೋ ಇಲ್ಲವೋ ಎಂದು ತಿಳಿಯುವುದಕ್ಕೇ ಈ ಪರೀಕ್ಷೆ, ಇಲ್ಲಿ ಬಿದ್ದರೆ ಎತ್ತಲು ನಾವಿದ್ದೇವೆ, ಮೈದಾನದಲ್ಲಿ ಯಾರಿದ್ದರು ಎಂದರು. "ಸಾರ್, ನೀವು ಈ ಪರೀಕ್ಷೆಯನ್ನು ಎರಡು ತಿಂಗಳಿಂದ ದಿನಾ ಬರೀತಾ ಇದ್ರಿ. ಮೇಲ್ವಿಚಾರಕರು ಇರಲಿಲ್ಲ, ಅಷ್ಟೇ. ಹೃದಯ ಗಟ್ಟಿಯಿದೆ. ತಲೆಗೆ ನನ್ನ ಹತ್ತಿರ ಮಶೀನಿಲ್ಲ. ಇನ್ನು ಓಡೋದು ಬಿಡಬೇಡಿ."

ಆಟೋದಲ್ಲಿ ಹೆಂಡತಿ ರಿಪೋರ್ಟನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು. ಆಮೇಲೆ, "ನಾಳಿ ಎಷ್ಟಕ್ಕ ಹೋಗೂದು?" ಎಂದಳು.

"ಎಲ್ಲಿಗೆ? ಪರೀಕ್ಷಾ ಮುಗೀತಲ್ಲ."

ಆಕೆ ನನ್ನನ್ನು ನೋಡಿದ ರೀತಿಯ ಮುಂದೆ, ಓಡುವವರನ್ನು ನಾನು ಅಷ್ಟು ವರ್ಷ ಬಾಲ್ಕನಿಯಿಂದ ನೋಡಿದ್ದು ಏನೂ ಅಲ್ಲ.

ಮರುದಿನದಿಂದ ಆಕೆಯೂ ಮೈದಾನಕ್ಕೆ ಬರುತ್ತಾಳೆ. ಓಡುವುದಿಲ್ಲ. ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಮಡಿಲಲ್ಲಿ ಪೇಪರು ಹಾಸಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಾಳೆ. ಕಾಕಾನೂ ಪಕ್ಕದಲ್ಲಿ ಕೂರುತ್ತಾರೆ; ಅವರ ಚಪ್ಪಲಿಗಳ ಮೇಲೆ ಆಕೆಯದೊಂದು ಕಣ್ಣಿರುತ್ತದೆ. ಕಿವಿಯವಳನ್ನು ನಾನು ಫೋನಿನಿಂದ ತೆಗೆದುಹಾಕಿದ್ದೇನೆ, ಈಗ ಅಗತ್ಯವಿಲ್ಲ.

ಬರುವ ಶ್ರಾವಣಕ್ಕೆ ನನಗೆ ಐವತ್ತೆರಡು. ಆ ಕಾಗದ ನಿಜ ಹೇಳಿತೋ, ನನ್ನ ತಯಾರಿಗೆ ಮೋಸ ಹೋಯಿತೋ ಎಂಬ ಅನುಮಾನ ಬೇವಿನ ಮರದ ಹತ್ತಿರ ದಿನವೂ ಬರುತ್ತದೆ. ನಿಲ್ಲೋಣ ಅನ್ನಿಸುತ್ತದೆ. ಬಣ್ಣದ ಬೂಟಿನವರೊಬ್ಬರು ಹೆಬ್ಬೆರಳೆತ್ತಿ ತೋರಿಸುತ್ತಾರೆ, ಮುಖ ತಿರುಗಿಸುತ್ತೇನೆ. ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ಇಡೀ ಕಾಲೊನಿಗೆ ಕೇಳುವ ಹಾಗೆ ಕೂಗು ಬರುತ್ತದೆ:

"ಮುಖಾ ಸಪ್ಪಗ ಮಾಡಬ್ಯಾಡ್ರಿ, ನಾ ನೋಡಾಕತ್ತೀನಿ! ಓಡ್ರಿ!"